ಕಲ್ಲಿದ್ದಲು ಗ್ಯಾಸಿಫಿಕೇಶನ್‌ಗೆ ಅಮೆರಿಕ ಸರ್ಕಾರದ ಸಂಶೋಧನಾ ಅನುದಾನ: ಎಲ್ಲಿ ಫಲ ಕೊಟ್ಟಿತು, ಎಲ್ಲಿ ಕೈಕೊಟ್ಟಿತು

ಕಲ್ಲಿದ್ದಲನ್ನು ನೇರವಾಗಿ ಸುಡದೆ ಅನಿಲವಾಗಿಸಿ ಬಳಸುವ ವಿದ್ಯೆಗೆ ಅಮೆರಿಕದ ಇಂಧನ ಇಲಾಖೆ ನಾಲ್ಕು ದಶಕಕ್ಕೂ ಮಿಕ್ಕಿ ಹಣ ಕೊಡುತ್ತಾ ಬಂದಿದೆ. ಇಲಾಖೆಯ ಪರವಾಗಿ ಅರ್ಜಿ ಕರೆಯುವುದು, ಹಣ ಹಂಚುವುದು, ಲೆಕ್ಕ ಕೇಳುವುದು ಎಲ್ಲವೂ ರಾಷ್ಟ್ರೀಯ ಇಂಧನ ತಂತ್ರಜ್ಞಾನ ಪ್ರಯೋಗಾಲಯದ ಕೆಲಸ. ಎನ್‌ಇಟಿಎಲ್ ಅಂದರೆ ಈ ಕ್ಷೇತ್ರದವರಿಗೆಲ್ಲ ಗೊತ್ತು. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಈ ಅನುದಾನವನ್ನೇ: ಅರ್ಜಿ ಹಾಕುವವರಿಗೆ ಇದು ಹೇಗಿದೆ, ಹಣ ಕೊಟ್ಟ ತೆರಿಗೆದಾರರಿಗೆ ಏನು ಸಿಕ್ಕಿತು ಎಂಬುದನ್ನು.

ಅಂಕ ಮೊದಲೇ ಹೇಳಿಬಿಡೋಣ. ಗ್ಯಾಸಿಫೈಯರ್‌ನ, ಅಂದರೆ ಕಲ್ಲಿದ್ದಲನ್ನು ಅನಿಲವಾಗಿಸುವ ಯಂತ್ರದ, ಒಂದೊಂದು ಭಾಗವನ್ನು ಹಿಡಿದು ಸುಧಾರಿಸಲು ಕೊಟ್ಟ ಹಣಕ್ಕೆ ಐದಕ್ಕೆ ನಾಲ್ಕೂವರೆ. ಇಡೀ ಸ್ಥಾವರ ಕಟ್ಟಲು ಕೊಟ್ಟ ಹಣಕ್ಕೆ ಐದಕ್ಕೆ ಎರಡು, ಅದೂ 1990ರ ದಶಕದ ಎರಡು ಸ್ಥಾವರಗಳ ಪುಣ್ಯದಿಂದ. ಅಳತೆಗೋಲು ಒಂದೇ: ಕೊಟ್ಟ ಹಣಕ್ಕೆ ಯಂತ್ರ ಎಷ್ಟು ಗಂಟೆ ಓಡಿತು, ಓಡುವಾಗ ಕೆಟ್ಟದ್ದು ಯಾಕೆ ಕೆಟ್ಟಿತೆಂದು ಬರೆದಿಟ್ಟರೇ ಇಲ್ಲವೇ. ಗ್ಯಾಸಿಫಿಕೇಶನ್‌ನ ರಸಾಯನಶಾಸ್ತ್ರ ನೂರು ವರ್ಷಕ್ಕೂ ಹಳೆಯದು, ಅದರಲ್ಲಿ ರಹಸ್ಯವೇನೂ ಉಳಿದಿಲ್ಲ. ದುಡ್ಡು ತಿನ್ನುವುದು ಸವೆಯುವ ಇಟ್ಟಿಗೆ, ಕಟ್ಟಿಕೊಳ್ಳುವ ಪೈಪು, ವಿಷವೇರುವ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು), ವಿದ್ಯುತ್ ನುಂಗುವ ಆಕ್ಸಿಜನ್ ಘಟಕ.

ಕೆಲಸ ನಡೆಯುವ ಬಗೆ ಚುಟುಕಾಗಿ ಹೀಗೆ. ಪುಡಿ ಮಾಡಿದ ಕಲ್ಲಿದ್ದಲನ್ನು ಒಣಗಿದ ಪುಡಿಯಾಗಿಯೋ ನೀರು ಬೆರೆಸಿದ ಸ್ಲರಿಯಾಗಿಯೋ ಒತ್ತಡದ ಪಾತ್ರೆಗೆ ತಳ್ಳುತ್ತಾರೆ. ಪೂರ್ತಿ ಉರಿಯಲು ಬೇಕಾದುದಕ್ಕಿಂತ ತೀರಾ ಕಡಿಮೆ ಆಕ್ಸಿಜನ್ ಕೊಡುತ್ತಾರೆ. 1,300ರಿಂದ 1,500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಲ್ಲಿದ್ದಲು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ನಿನ ಮಿಶ್ರಣವಾಗುತ್ತದೆ, ಇದೇ ಸಿನ್‌ಗ್ಯಾಸ್. ಬೂದಿ ಕರಗಿ ಸ್ಲ್ಯಾಗ್ ಆಗಿ ಗೋಡೆಯ ಮೇಲೆ ಹರಿದು ಕೆಳಗಿಳಿಯುತ್ತದೆ. ಗಂಧಕದ ಬಹುಪಾಲು ಹೈಡ್ರೋಜನ್ ಸಲ್ಫೈಡ್ ಆಗುತ್ತದೆ, ಸ್ವಲ್ಪ ಪಾಲು ಕಾರ್ಬೊನಿಲ್ ಸಲ್ಫೈಡ್ ಆಗುತ್ತದೆ. ಅನಿಲ ತಣಿಸಿ, ತೊಳೆದು, ಗಂಧಕ ತೆಗೆದು ಟರ್ಬೈನ್‌ಗೋ ರಾಸಾಯನಿಕ ಘಟಕಕ್ಕೋ ಕಳಿಸುತ್ತಾರೆ. ಚಿಮಣಿಯಿಂದ ಹೊರಟ ಹೊಗೆಯನ್ನು ಶುದ್ಧ ಮಾಡುವುದಕ್ಕಿಂತ ಇದು ಸುಲಭ, ಏಕೆಂದರೆ ಒತ್ತಡದಲ್ಲಿರುವ ಈ ಅನಿಲದ ಗಾತ್ರ ತೀರಾ ಚಿಕ್ಕದು. ಈ ತಂತ್ರಜ್ಞಾನದ ಮೇಲೆ ಇಟ್ಟ ಭರವಸೆಗೆಲ್ಲ ಮೂಲ ಇದೊಂದೇ ಸಂಗತಿ.

ಸಣ್ಣ ಹಣದಲ್ಲಿ ದೊಡ್ಡ ಫಲ ಸಿಕ್ಕಿದ್ದಕ್ಕೆ ಒಳ್ಳೆಯ ಉದಾಹರಣೆ ಇಟ್ಟಿಗೆ. ಸ್ಲ್ಯಾಗ್ ಹರಿಯುವ ಗ್ಯಾಸಿಫೈಯರ್‌ಗಳ ಒಳಗೋಡೆಗೆ ಕ್ರೋಮಿಯಂ ಆಕ್ಸೈಡ್ ಹೆಚ್ಚಿರುವ ರಿಫ್ರ್ಯಾಕ್ಟರಿ ಇಟ್ಟಿಗೆ, ಅಂದರೆ ಕಡುಶಾಖ ತಡೆಯುವ ಇಟ್ಟಿಗೆ, ಹಾಕುತ್ತಾರೆ. ಅದರ ಆಯುಸ್ಸು ಮೂರು ತಿಂಗಳಿನಿಂದ ಹೆಚ್ಚೆಂದರೆ ಮೂರು ವರ್ಷ. ಇಟ್ಟಿಗೆ ಬದಲಿಸಬೇಕೆಂದರೆ ಪಾತ್ರೆಯನ್ನು ತಣಿಸಿ, ಹಳೆಯದನ್ನು ಒಡೆದು ತೆಗೆದು, ಹೊಸದನ್ನು ಕಟ್ಟಿ, ನಿಧಾನವಾಗಿ ಕಾಯಿಸಿ ಮತ್ತೆ ಶುರು ಮಾಡಬೇಕು. ಅಷ್ಟು ವಾರ ಸ್ಥಾವರ ನಿಂತೇ ಇರುತ್ತದೆ. ಪಕ್ಕದಲ್ಲಿ ಇನ್ನೊಂದು ಗ್ಯಾಸಿಫೈಯರ್ ಇಟ್ಟುಕೊಂಡರೆ ಮಾತ್ರ ಉತ್ಪಾದನೆ ನಿಲ್ಲುವುದಿಲ್ಲ, ಆದರೆ ಬಂಡವಾಳ ಏರುತ್ತದೆ. ಅಗ್ಗ ಮಾಡುವ ಗುರಿ ಇಲ್ಲಿಯೇ ಮುರಿದು ಬೀಳುತ್ತಿತ್ತು.

ಒರಿಗನ್ ರಾಜ್ಯದ ಆಲ್ಬನಿಯಲ್ಲಿರುವ ಎನ್‌ಇಟಿಎಲ್ ಪ್ರಯೋಗಾಲಯದವರು ಬಳಸಿ ಬಿಸಾಡಿದ ಇಟ್ಟಿಗೆಗಳನ್ನೇ ಕೊಯ್ದು ನೋಡಿದರು. ಇಟ್ಟಿಗೆ ಬರೀ ಮೇಲ್ಮೈಯಿಂದ ಸವೆಯುತ್ತಿರಲಿಲ್ಲ. ಕರಗಿದ ಸ್ಲ್ಯಾಗ್ ಸಣ್ಣ ರಂಧ್ರಗಳ ಮೂಲಕ ಒಳಗಿಳಿಯುತ್ತಿತ್ತು. ಸ್ಲ್ಯಾಗ್ ಹೀರಿದ ಪದರ ಮತ್ತು ಅದರ ಹಿಂದಿನ ಪದರ ಬಿಸಿಗೆ ಹಿಗ್ಗುವ ಪ್ರಮಾಣ ಬೇರೆ ಬೇರೆ. ತಾಪ ಏರಿಳಿದಾಗೆಲ್ಲ ಮುಖಕ್ಕೆ ಸಮಾಂತರವಾಗಿ ಬಿರುಕು ಹುಟ್ಟಿ, ಆ ಪದರ ಚಕ್ಕೆಚಕ್ಕೆಯಾಗಿ ಕಳಚಿ ಬೀಳುತ್ತಿತ್ತು. ಹೊಸ ಮುಖಕ್ಕೆ ಮತ್ತೆ ಅದೇ ಗತಿ. ಪರಿಹಾರವಾಗಿ ಕ್ರೋಮಿಯಾ ಇಟ್ಟಿಗೆಗೆ ಫಾಸ್ಫೇಟ್ ಸೇರಿಸಿ ಸ್ಲ್ಯಾಗ್ ಒಳಗಿಳಿಯುವುದನ್ನು ತಡೆದರು. ಹಾರ್ಬಿಸನ್ ವಾಕರ್ ಕಂಪನಿಯೊಂದಿಗೆ ಸೇರಿ ಮಾಡಿದ ಆ ಇಟ್ಟಿಗೆ ಆರೆಕ್ಸ್ 95ಪಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಯಾವ ಕಂಪನಿಯ ಗ್ಯಾಸಿಫೈಯರ್ ಆದರೂ, ಯಾವ ದೇಶದ್ದಾದರೂ ಇದು ಉಪಯೋಗಕ್ಕೆ ಬರುತ್ತದೆ. ಸರ್ಕಾರದ ಸಂಶೋಧನಾ ಹಣ ಇಂಥ ಕಡೆ ಬೀಳಬೇಕು.

ತಾಪಮಾನ ಅಳೆಯುವ ವಿಷಯವೂ ಹೀಗೇ. ಒಳಗಿನ ತಾಪ ಸರಿಯಾಗಿ ತಿಳಿಯದಿದ್ದರೆ ಎರಡೂ ಕಡೆ ನಷ್ಟ: ಹೆಚ್ಚಾದರೆ ಇಟ್ಟಿಗೆ ಬೇಗ ಹೋಗುತ್ತದೆ, ಕಡಿಮೆಯಾದರೆ ಸ್ಲ್ಯಾಗ್ ಗಟ್ಟಿಯಾಗಿ ಕೆಳಗಿನ ಬಾಯಿ ಮುಚ್ಚಿಕೊಳ್ಳುತ್ತದೆ. ತಾಪ ಅಳೆಯುವ ಮಾಮೂಲಿ ಲೋಹತಂತಿಯ ಥರ್ಮೋಕಪಲ್‌ಗಳು ಅಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳು ಬದುಕಿದರೆ ಹೆಚ್ಚು. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಏಕಸ್ಫಟಿಕ ನೀಲಮಣಿ ಬಳಸಿ ಮಾಡಿದ ದೃಶ್ಯ ಸೆನ್ಸರನ್ನು ಫ್ಲಾರಿಡಾದ ಪೋಕ್ ಸ್ಥಾವರದಲ್ಲೇ, ನಿಜವಾದ ಗ್ಯಾಸಿಫೈಯರ್‌ನೊಳಗೆ ಇಟ್ಟು ಪರೀಕ್ಷಿಸಿದರು. ಪ್ರಯೋಗಾಲಯದ ಕುಲುಮೆಯಲ್ಲಿ ಗೆದ್ದ ಸೆನ್ಸರ್‌ಗೂ ಸ್ಲ್ಯಾಗ್ ಹರಿಯುವ ಗೋಡೆಯಲ್ಲಿ ಗೆದ್ದ ಸೆನ್ಸರ್‌ಗೂ ಅಜಗಜಾಂತರ. ಓಡುತ್ತಿರುವ ಸ್ಥಾವರದಲ್ಲಿ ಪರೀಕ್ಷೆಗೆ ಜಾಗ ಕೊಡಿಸಿದ್ದು ಈ ಕಾರ್ಯಕ್ರಮದ ದೊಡ್ಡ ಗುಣ.

ಅನಿಲ ಶುದ್ಧಿಯಲ್ಲಿ ಆರ್‌ಟಿಐ ಇಂಟರ್‌ನ್ಯಾಷನಲ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯ ಕೆಲಸವನ್ನು ವಿವರವಾಗಿ ನೋಡಬೇಕು. ಸಾಮಾನ್ಯ ವಿಧಾನದಲ್ಲಿ ಸಿನ್‌ಗ್ಯಾಸ್ ಅನ್ನು ಸುಮಾರು 40 ಡಿಗ್ರಿಗೆ ಇಳಿಸಿ ಅಮೀನ್ ದ್ರಾವಣದಿಂದ ತೊಳೆಯುತ್ತಾರೆ. ತಣ್ಣನೆಯ ಮೆಥನಾಲ್‌ನಿಂದ ತೊಳೆಯುವ ರೆಕ್ಟಿಸಾಲ್ ವಿಧಾನವಾದರೆ ಸೊನ್ನೆಗಿಂತ ಎಷ್ಟೋ ಕೆಳಕ್ಕೆ ಹೋಗಬೇಕು. ಅಷ್ಟು ತಣಿಸಿ ಮತ್ತೆ ಕಾಯಿಸುವುದರಲ್ಲಿ ಶಾಖವೂ ಪೋಲು, ಹೀಟ್ ಎಕ್ಸ್‌ಚೇಂಜರ್‌ಗಳ ಖರ್ಚೂ ದಂಡ. ಆರ್‌ಟಿಐ ವಿಧಾನದಲ್ಲಿ ಜಿಂಕ್ ಆಕ್ಸೈಡ್ ಕಣಗಳು ಬಿಸಿ ಅನಿಲದಲ್ಲೇ ಗಂಧಕವನ್ನು ಹಿಡಿದು ಜಿಂಕ್ ಸಲ್ಫೈಡ್ ಆಗುತ್ತವೆ. ಆ ಕಣಗಳು ಇನ್ನೊಂದು ಪಾತ್ರೆಗೆ ಹೋಗಿ ಗಾಳಿಯೊಂದಿಗೆ ಉರಿದು ಮತ್ತೆ ಆಕ್ಸೈಡ್ ಆಗಿ ಮರಳುತ್ತವೆ. ಕಾರ್ಬೊನಿಲ್ ಸಲ್ಫೈಡ್ ಕೂಡ ಇದಕ್ಕೇ ಸಿಕ್ಕಿಬೀಳುವುದರಿಂದ, ಅದಕ್ಕೆಂದು ಬೇರೆ ಕ್ಯಾಟಲಿಸ್ಟ್ ಬೇಕಿಲ್ಲ.

ಕೆಡುವುದು ಎರಡು ಕಡೆ. ಕಣಗಳು ಪೈಪಿನ ಗೋಡೆಗೂ ಒಂದಕ್ಕೊಂದೂ ಉಜ್ಜಿ ಪುಡಿಯಾದರೆ ಧೂಳು ಟರ್ಬೈನ್ ಕಡೆ ಹೊರಡುತ್ತದೆ, ಕಣದ ಖರ್ಚೂ ಏರುತ್ತದೆ. ತಾಪ ಮಿತಿಮೀರಿದರೆ ಸತುವೇ ಆವಿಯಾಗಿ ಹೊರಟುಹೋಗುತ್ತದೆ. ಹಿಂದೆ ಕೈಸುಟ್ಟುಕೊಂಡವರು ತೀರಾ ಬಿಸಿಯಲ್ಲೇ ಶುದ್ಧಿ ಮಾಡಹೊರಟವರು. ಆರ್‌ಟಿಐ ತಾಪವನ್ನು ಒಂದು ಮೆಟ್ಟಿಲು ಕೆಳಗಿಳಿಸಿ, ಕಣದ ಗಟ್ಟಿತನದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ಟೆನೆಸಿಯ ಕಿಂಗ್ಸ್‌ಪೋರ್ಟ್‌ನಲ್ಲಿರುವ ಈಸ್ಟ್‌ಮನ್ ಕೆಮಿಕಲ್ ಸ್ಥಾವರದ ನಿಜವಾದ ಸಿನ್‌ಗ್ಯಾಸ್‌ನಲ್ಲಿ ಪೈಲಟ್ ಘಟಕ 3,000 ಗಂಟೆಗೂ ಹೆಚ್ಚು ಓಡಿತು, ಗಂಧಕದ 99.9 ಶೇಕಡ ತೆಗೆಯಿತು. ಆಮೇಲೆ ಪೋಕ್ ಸ್ಥಾವರದಲ್ಲಿ 50 ಮೆಗಾವಾಟ್‌ಗೆ ಸಮನಾದ ಘಟಕ ಕಟ್ಟಿದರು. ಪ್ರಯೋಗಾಲಯ, ಪೈಲಟ್, ಓಡುವ ಸ್ಥಾವರದ ಒಂದು ಕವಲು: ಯಾವ ಮೆಟ್ಟಿಲನ್ನೂ ಹಾರಲಿಲ್ಲ. ಘಟಕ ಕೈಕೊಟ್ಟಿದ್ದರೂ ಪೋಕ್ ಹಳೆಯ ವಿಧಾನದಲ್ಲಿ ಓಡುತ್ತಲೇ ಇರುತ್ತಿತ್ತು. ಪರೀಕ್ಷೆ ಸೋತರೂ ಸ್ಥಾವರ ಮುಳುಗದಂತೆ ಯೋಜಿಸಿದ್ದೇ ಇಲ್ಲಿನ ಜಾಣತನ.

ಆಕ್ಸಿಜನ್ ವಿಷಯದಲ್ಲಿ ಫಲ ಅಷ್ಟು ಚೆನ್ನಾಗಿಲ್ಲ. ಗಾಳಿಯನ್ನು ಅತಿಶೀತಲಗೊಳಿಸಿ ಆಕ್ಸಿಜನ್ ಬೇರ್ಪಡಿಸುವ ಘಟಕವೇ ಸ್ಥಾವರದ ಒಳಬಳಕೆಯ ವಿದ್ಯುತ್ತಿನ ದೊಡ್ಡ ಪಾಲನ್ನು ನುಂಗುತ್ತದೆ. ಇದಕ್ಕೆ ಬದಲಾಗಿ ಏರ್ ಪ್ರಾಡಕ್ಟ್ಸ್ ಕಂಪನಿ ಇಲಾಖೆಯ ನೆರವಿನಿಂದ 800–900 ಡಿಗ್ರಿಯಲ್ಲಿ ಆಕ್ಸಿಜನ್ ಅಯಾನುಗಳನ್ನು ಮಾತ್ರ ದಾಟಿಸುವ ಸೆರಾಮಿಕ್ ಪೊರೆಯನ್ನು ಬೆಳೆಸಿತು. ದಿನಕ್ಕೆ 5 ಟನ್ ಘಟಕ ಕೆಲಸ ಮಾಡಿತು, 100 ಟನ್ ಘಟಕದವರೆಗೂ ಹೋದರು. ತೊಡಕು ಸೆರಾಮಿಕ್ ಮತ್ತು ಲೋಹ ಕೂಡುವ ಜಾಗದ್ದು: ಒಂದು ಹಿಗ್ಗುವಷ್ಟು ಇನ್ನೊಂದು ಹಿಗ್ಗದು, ಒತ್ತಡದ ವ್ಯತ್ಯಾಸವೂ ಸೇರಿ ಸೀಲ್ ಸೋರುತ್ತದೆ. ಹಣ ವ್ಯರ್ಥವಾಯಿತು ಎನ್ನಲಾಗದು, ಆದರೆ ಹಳೆಯ ಶೀತಲ ಘಟಕದ ಜಾಗಕ್ಕೆ ಅದು ಬರಲಿಲ್ಲ.

ಕಲ್ಲಿದ್ದಲನ್ನು ಒತ್ತಡದೊಳಗೆ ತಳ್ಳುವ ಪಂಪಿಗೂ, ರಾಕೆಟ್ ಎಂಜಿನ್‌ನ ಇಂಜೆಕ್ಟರ್ ವಿದ್ಯೆಯನ್ನು ತಂದು ಮಾಡಿದ ಚಿಕ್ಕ ಗ್ಯಾಸಿಫೈಯರ್‌ಗೂ ಹಣ ಹೋಯಿತು. ಎರಡನೆಯದರ ದಿನಕ್ಕೆ 18 ಟನ್ ಪೈಲಟ್ ಇಲಿನಾಯ್‌ನ ಡೆಸ್ ಪ್ಲೇನ್ಸ್‌ನಲ್ಲಿ ನಡೆಯಿತು. ಇಟ್ಟಿಗೆಯ ಬದಲು ತಣಿಸಿದ ಲೋಹದ ಗೋಡೆ ಬಳಸುವ ಅದರ ಯೋಚನೆ ಒಳ್ಳೆಯದು.

ಇನ್ನು ದೊಡ್ಡ ಸ್ಥಾವರಗಳು. ಇವುಗಳಲ್ಲಿ ಮೊದಲು ನೆನೆಯಬೇಕಾದದ್ದು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಕೂಲ್ ವಾಟರ್. 1984ರಿಂದ 1989ರವರೆಗೆ ದಿನಕ್ಕೆ ಸುಮಾರು 1,000 ಟನ್ ಕಲ್ಲಿದ್ದಲು ತೆಗೆದುಕೊಂಡು 27,000 ಗಂಟೆ ಓಡಿತು. ಇದಕ್ಕೆ ಸರ್ಕಾರದಿಂದ ಸಿಕ್ಕಿದ್ದು ಕಟ್ಟಡದ ಅನುದಾನವಲ್ಲ. ಅಂದಿನ ಸಿಂಥೆಟಿಕ್ ಫ್ಯೂಯಲ್ಸ್ ಕಾರ್ಪೊರೇಶನ್ ಉತ್ಪಾದನೆಯ ಬೆಲೆಗೆ 12 ಕೋಟಿ ಡಾಲರ್‌ವರೆಗೆ ಖಾತರಿ ಕೊಟ್ಟಿತ್ತು. ಅನಿಲ ಬಂದರೆ ದುಡ್ಡು, ಬಾರದಿದ್ದರೆ ಇಲ್ಲ. ಲೂಸಿಯಾನಾದ ಪ್ಲ್ಯಾಕಮಿನ್‌ನಲ್ಲಿ ಡೌ ಕಂಪನಿಗೂ ಇದೇ ಬಗೆಯ 62 ಕೋಟಿ ಡಾಲರ್ ಖಾತರಿ ಸಿಕ್ಕಿತು, ಆ ಸ್ಥಾವರ 1987ರಿಂದ 1995ರವರೆಗೆ ನಡೆಯಿತು. ಅಲ್ಲಿ ಪಳಗಿದ ಇ-ಗ್ಯಾಸ್ ಗ್ಯಾಸಿಫೈಯರ್ ಮುಂದೆ ಇಂಡಿಯಾನಾದ ವಾಬಾಶ್ ರಿವರ್‌ಗೆ ಬಂತು, ಇನ್ನೂ ಮುಂದೆ ಜಾಮ್‌ನಗರದ ಪೆಟ್‌ಕೋಕ್ (ತೈಲ ಶುದ್ಧೀಕರಣದಲ್ಲಿ ಉಳಿಯುವ ಗಟ್ಟಿ ಇಂಗಾಲ) ಘಟಕಕ್ಕೂ ಹೋಯಿತು. ಉತ್ಪಾದನೆಗೆ ಹಣ ಕೊಡುವ ಈ ಪದ್ಧತಿಯನ್ನು ಕೈಬಿಟ್ಟು ಕಟ್ಟುವುದಕ್ಕೆ ಮುಂಗಡ ಕೊಡುವ ಪದ್ಧತಿಗೆ ಹೊರಳಿದ್ದು ದೊಡ್ಡ ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ.

ವಾಬಾಶ್ ರಿವರ್ ಇಲಾಖೆಯ ಕ್ಲೀನ್ ಕೋಲ್ ಕಾರ್ಯಕ್ರಮದ, ಅಂದರೆ ಸ್ಥಾವರ ಕಟ್ಟಲು ಖರ್ಚಿನ ಪಾಲು ಕೊಡುವ ಕಾರ್ಯಕ್ರಮದ, ಕೂಸು. 262 ಮೆಗಾವಾಟ್, 1995ರಲ್ಲಿ ಆರಂಭ, ಒಟ್ಟು ಖರ್ಚು ಸುಮಾರು 43.8 ಕೋಟಿ ಡಾಲರ್, ಅದರಲ್ಲಿ ಅರ್ಧ ಇಲಾಖೆಯದು. ಮೊದಲ ವರ್ಷ ಹೈರಾಣ. ಧೂಳು ಹಿಡಿಯುವ ಸೆರಾಮಿಕ್ ಕ್ಯಾಂಡಲ್ ಫಿಲ್ಟರ್‌ಗಳು ಮುರಿದವು, 1996ರಲ್ಲಿ ಲೋಹದ ಕ್ಯಾಂಡಲ್ ಹಾಕಿದರು. ಕಾರ್ಬೊನಿಲ್ ಸಲ್ಫೈಡನ್ನು ಹೈಡ್ರೋಜನ್ ಸಲ್ಫೈಡ್ ಆಗಿಸುವ ಕ್ಯಾಟಲಿಸ್ಟ್‌ಗೆ ಕಲ್ಲಿದ್ದಲಿನ ಕ್ಲೋರೈಡ್ ವಿಷವಾಯಿತು, ಅದಕ್ಕೆ ಮುಂಚೆ ನೀರಿನಿಂದ ಕ್ಲೋರೈಡ್ ತೊಳೆಯುವ ಸ್ಕ್ರಬ್ಬರ್ ಕೂರಿಸಿದರು. ಬಿಸಿ ಅನಿಲದ ಪೈಪುಗಳಲ್ಲಿ ಬೂದಿ ಕಟ್ಟಿಕೊಂಡಿತು, ಪೈಪಿನ ಆಕಾರ ಬದಲಿಸಿದರು. ಒಂದೊಂದು ತೊಂದರೆಯನ್ನೂ ಹೀಗೆ ಕಾರಣ ಹುಡುಕಿ ಕಳೆದರು, ಅವೆಲ್ಲ ಅಂತಿಮ ವರದಿಯಲ್ಲಿವೆ.

ಟ್ಯಾಂಪಾ ಎಲೆಕ್ಟ್ರಿಕ್‌ನ ಪೋಕ್ ಸ್ಥಾವರ 250 ಮೆಗಾವಾಟ್, 1996ರಲ್ಲಿ ಆರಂಭ. ಶಾಖ ಉಳಿಸಲೆಂದು ಕೊಳಕು ಅನಿಲದಿಂದ ಶುದ್ಧ ಅನಿಲಕ್ಕೆ ಬಿಸಿ ದಾಟಿಸುವ ಎಕ್ಸ್‌ಚೇಂಜರ್ ಹಾಕಿದ್ದರು. ಬೂದಿ ಕಟ್ಟಿ ಅದರ ಅಡಿಯಲ್ಲಿ ಕೊಳವೆಗಳು ತುಕ್ಕು ಹಿಡಿದು ಬಿರಿದವು. ಬಿರುಕಿನ ಮೂಲಕ ಧೂಳು ಶುದ್ಧ ಅನಿಲಕ್ಕೆ ಸೇರಿ ಟರ್ಬೈನ್ ಬ್ಲೇಡ್‌ಗಳನ್ನು ಹಾಳು ಮಾಡಿತು. 1997ರಲ್ಲಿ ಆ ಎಕ್ಸ್‌ಚೇಂಜರ್‌ಗಳನ್ನೇ ಕಿತ್ತು ಹಾಕಿದರು. ದಕ್ಷತೆ ಸ್ವಲ್ಪ ಹೋಯಿತು, ಸ್ಥಾವರ ಉಳಿಯಿತು. ಇನ್ನೊಂದು ಅನಿರೀಕ್ಷಿತ ಸಂಗತಿ: ಇಂಗಾಲ ಪೂರ್ತಿ ಅನಿಲವಾಗುತ್ತಿರಲಿಲ್ಲ. ಉಳಿದ ಇಂಗಾಲ ಸ್ಲ್ಯಾಗ್‌ನಲ್ಲಿ ಸೇರಿ, ಮಾರಿ ದುಡ್ಡು ಮಾಡಬೇಕಾದ ಸ್ಲ್ಯಾಗ್ ವಿಲೇವಾರಿಯ ತಲೆನೋವಾಯಿತು. ಕಾರ್ಬೊನಿಲ್ ಸಲ್ಫೈಡ್ ಲೆಕ್ಕಕ್ಕಿಂತ ಜಾಸ್ತಿ ಬಂದದ್ದರಿಂದ ಅದನ್ನು ಹೈಡ್ರೋಜನ್ ಸಲ್ಫೈಡ್ ಆಗಿಸುವ ಘಟಕವನ್ನು 1999ರಲ್ಲಿ ಸೇರಿಸಬೇಕಾಯಿತು. ಈಗ ಯಾರಾದರೂ ಗ್ಯಾಸಿಫಿಕೇಶನ್ ಸ್ಥಾವರಕ್ಕೆ ಬಜೆಟ್ ಹಾಕುತ್ತಿದ್ದರೆ ಈ ಮೂರು ಬಾಬನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳಬೇಕು.

ನೆವಾಡಾದ ಪಿನ್ಯೋನ್ ಪೈನ್ ಇದಕ್ಕೆ ತದ್ವಿರುದ್ಧ. ಒಟ್ಟು 33.6 ಕೋಟಿ ಡಾಲರ್, ಅರ್ಧ ಇಲಾಖೆಯದು. ಗಾಳಿಯಿಂದ ನಡೆಯುವ ಫ್ಲೂಯಿಡೈಸ್ಡ್ ಬೆಡ್ (ಕಣಗಳನ್ನು ಅನಿಲದಲ್ಲಿ ತೇಲಿಸಿಡುವ) ಗ್ಯಾಸಿಫೈಯರ್, ಬಿಸಿ ಅನಿಲದಲ್ಲೇ ಗಂಧಕ ತೆಗೆಯುವುದು, ಸೆರಾಮಿಕ್ ಫಿಲ್ಟರ್: ಎಲ್ಲವೂ ಆ ಗಾತ್ರಕ್ಕೆ ಹೊಸದು, ಎಲ್ಲವೂ ಒಂದೇ ಸಾಲಿನಲ್ಲಿ. 1998ರಿಂದ 18 ಸಲ ಆರಂಭಿಸಲು ನೋಡಿದರು, ಒಮ್ಮೆಯೂ ನಿಂತು ಓಡಲಿಲ್ಲ. ಫಿಲ್ಟರ್‌ನಿಂದ ಸಣ್ಣ ಧೂಳನ್ನು ಹೊರತೆಗೆಯುವ ವ್ಯವಸ್ಥೆಯೇ ಪದೇಪದೇ ಕಟ್ಟಿಕೊಂಡಿತು. ಸರಣಿಯಲ್ಲಿ ಐದು ಹೊಸ ಉಪಕರಣ ಇಟ್ಟು, ಒಂದೊಂದೂ ಹತ್ತರಲ್ಲಿ ಎಂಟು ದಿನ ಓಡುತ್ತದೆಂದು ಇಟ್ಟುಕೊಂಡರೂ ಒಟ್ಟು ಸಾಲು ಓಡುವುದು ಮೂರು ದಿನ ಮಾತ್ರ. ಈ ಗುಣಾಕಾರವನ್ನು ಅನುದಾನ ಮಂಜೂರು ಮಾಡುವವರು ಅರ್ಜಿಯ ಮೊದಲ ಪುಟದಲ್ಲೇ ಕೇಳಬೇಕು.

ಮಿಸಿಸಿಪ್ಪಿಯ ಕೆಂಪರ್ ಕೌಂಟಿ ಸ್ಥಾವರದ ಕತೆ ಹೆಚ್ಚು ನೋವಿನದು, ಏಕೆಂದರೆ ಅಲ್ಲಿ ತಂತ್ರಜ್ಞಾನದ ಬೇರು ಒಳ್ಳೆಯದಿತ್ತು. ಅಲಬಾಮಾದ ವಿಲ್ಸನ್‌ವಿಲ್‌ನಲ್ಲಿ ಇಲಾಖೆಯ ಹಣದಿಂದ ನಡೆದ ಪರೀಕ್ಷಾ ಕೇಂದ್ರದಲ್ಲಿ ಟ್ರಿಗ್ ಎಂಬ ಟ್ರಾನ್ಸ್‌ಪೋರ್ಟ್ ಗ್ಯಾಸಿಫೈಯರ್ ವರ್ಷಗಟ್ಟಲೆ ಓಡಿತ್ತು. ಬೂದಿ ಕರಗುವ ತಾಪಕ್ಕಿಂತ ಕೆಳಗೇ ನಡೆಯುವುದರಿಂದ ತೇವ, ಬೂದಿ ಹೆಚ್ಚಿರುವ ಕಡಿಮೆ ದರ್ಜೆಯ ಕಲ್ಲಿದ್ದಲಿಗೆ ಇದು ಹೇಳಿ ಮಾಡಿಸಿದ್ದು. ಆ ಪರೀಕ್ಷಾ ಘಟಕಕ್ಕೆ ಗಂಟೆಗೆ ಸುಮಾರು ಎರಡು ಟನ್ ಕಲ್ಲಿದ್ದಲು ಸಾಕು. ಮುಂದಿನ ಮೆಟ್ಟಿಲಾಗಿ ಫ್ಲಾರಿಡಾದ ಒರ್ಲಾಂಡೊದಲ್ಲಿ 285 ಮೆಗಾವಾಟ್ ಸ್ಥಾವರ ಯೋಜಿಸಿದ್ದರು, ಇಲಾಖೆ 23.5 ಕೋಟಿ ಡಾಲರ್ ಒಪ್ಪಿತ್ತು. 2007ರ ನವೆಂಬರ್‌ನಲ್ಲಿ ಅದು ರದ್ದಾಯಿತು. ಉಳಿದ ಹಣ ಮಿಸಿಸಿಪ್ಪಿಯ ಕೆಂಪರ್‌ಗೆ ಹೊರಳಿತು. ಅಲ್ಲಿ 582 ಮೆಗಾವಾಟ್, ಎರಡು ಗ್ಯಾಸಿಫೈಯರ್, ಲಿಗ್ನೈಟ್ ಒಣಗಿಸುವ ಘಟಕ, ಕಾರ್ಬನ್ ಡೈಆಕ್ಸೈಡ್‌ನ 65 ಶೇಕಡ ಹಿಡಿಯುವ ವ್ಯವಸ್ಥೆ ಎಲ್ಲವೂ ಒಟ್ಟಿಗೆ. ನಡುವಿನ ಮೆಟ್ಟಿಲು ಬಿದ್ದುಹೋದಾಗ ಅನುದಾನವನ್ನು ತಡೆಹಿಡಿಯಬೇಕಿತ್ತು. ಅದರ ಬದಲು ಇನ್ನೂ ದೊಡ್ಡ ಜಿಗಿತಕ್ಕೆ ಕೊಟ್ಟರು.

ವಿನ್ಯಾಸ ಪೂರ್ತಿಯಾಗುವ ಮುಂಚೆಯೇ ಕಟ್ಟಡ ಶುರುವಾಯಿತು. ಪೈಪಿನ ಉದ್ದ, ಕಾಂಕ್ರೀಟ್, ಉಕ್ಕು, ಕೂಲಿ ಎಲ್ಲವೂ ಲೆಕ್ಕ ಮೀರಿದವು. 2010ರಲ್ಲಿ 300 ಕೋಟಿ ಡಾಲರ್‌ಗಿಂತ ಕಡಿಮೆ ಎಂದಿದ್ದ ಖರ್ಚು ಸುಮಾರು 750 ಕೋಟಿಗೆ ಏರಿತು. ಟರ್ಬೈನ್‌ಗಳು 2014ರಲ್ಲೇ ನೈಸರ್ಗಿಕ ಅನಿಲದಲ್ಲಿ ಓಡತೊಡಗಿದ್ದವು, ಮೊದಲ ಸಿನ್‌ಗ್ಯಾಸ್ ಬಂದದ್ದು 2016ರ ಜುಲೈನಲ್ಲಿ. ಗ್ಯಾಸಿಫೈಯರ್‌ನೊಳಗೆ ಬೂದಿ ಗಂಟುಕಟ್ಟಿತು, ಸಿನ್‌ಗ್ಯಾಸ್ ಕೂಲರ್‌ನ ಸೂಪರ್‌ಹೀಟರ್ ಕೊಳವೆಗಳು ಸೋರಿದವು, ಅವನ್ನು ಹೊಸದಾಗಿ ಮಾಡಿಸಬೇಕೆಂದಾಯಿತು. 2017ರ ಜೂನ್‌ನಲ್ಲಿ ಗ್ಯಾಸಿಫಿಕೇಶನ್ ನಿಲ್ಲಿಸಿದರು, 2021ರ ಅಕ್ಟೋಬರ್‌ನಲ್ಲಿ ಗ್ಯಾಸಿಫೈಯರ್ ಕಟ್ಟಡವನ್ನು ಸ್ಫೋಟಿಸಿ ಉರುಳಿಸಿದರು. ಎರಡು ಟನ್ನಿನ ಘಟಕದಲ್ಲಿ ಪ್ರಾಮಾಣಿಕವಾಗಿ ದುಡಿದವರ ಶ್ರಮಕ್ಕೆ ಈ ಗತಿ ಬರಬಾರದಿತ್ತು.

ಕಟ್ಟದೇ ಹೋದ ಸ್ಥಾವರಗಳ ಪಟ್ಟಿಯೂ ಉದ್ದವಿದೆ. 2003ರಲ್ಲಿ ಘೋಷಿಸಿದ, ಕಾರ್ಬನ್ ಹಿಡಿದು ನೆಲದಡಿ ಇಡುವ ಫ್ಯೂಚರ್‌ಜೆನ್ ಸ್ಥಾವರಕ್ಕೆ 2007ರ ಡಿಸೆಂಬರ್‌ನಲ್ಲಿ ಇಲಿನಾಯ್‌ನ ಮ್ಯಾಟೂನ್ ಜಾಗ ಆರಿಸಿ, ಮುಂದಿನ ತಿಂಗಳೇ ಇಲಾಖೆ ಹಿಂದೆ ಸರಿಯಿತು. ಖರ್ಚು ದುಪ್ಪಟ್ಟಾಯಿತೆಂದು ಕಾರಣ ಕೊಟ್ಟಿದ್ದರು. ಹಳೆಯ ಅಂದಾಜಿನಲ್ಲಿ ಬೆಲೆ ಏರಿಕೆ ಸೇರಿರಲಿಲ್ಲ, ಹೊಸದರಲ್ಲಿ ಸೇರಿತ್ತು, ಎರಡನ್ನೂ ಸಮ ಎಂದು ಹೋಲಿಸಿದ್ದರು ಎಂಬುದನ್ನು ಆಮೇಲೆ ಸರ್ಕಾರಿ ಲೆಕ್ಕಪತ್ರ ಕಚೇರಿ ಎತ್ತಿ ತೋರಿಸಿತು. ಟೆಕ್ಸಸ್‌ನ ಪೆನ್ವೆಲ್ ಯೋಜನೆಗೆ 45 ಕೋಟಿ, ಕ್ಯಾಲಿಫೋರ್ನಿಯಾದ ಹೈಡ್ರೋಜನ್ ಎನರ್ಜಿ ಯೋಜನೆಗೆ 40.8 ಕೋಟಿ ಡಾಲರ್ ಒಪ್ಪಿದ್ದರು. ಎರಡೂ ನೆಲ ಬಿಟ್ಟು ಏಳಲಿಲ್ಲ. 2009ರ ಉತ್ತೇಜನ ಕಾಯ್ದೆಯ ಹಣ 2015ರ ಸೆಪ್ಟೆಂಬರ್ 30ರೊಳಗೆ ಖರ್ಚಾಗಬೇಕೆಂಬ ಗಡುವು ಎಲ್ಲರ ಕುತ್ತಿಗೆಗೆ ಬಂತು. ಪರವಾನಗಿ, ವಿದ್ಯುತ್ ಖರೀದಿ ಒಪ್ಪಂದ, ಬ್ಯಾಂಕ್ ಸಾಲ ಮೂರೂ ಕೂಡಿ ಬರಲು ಆರು ವರ್ಷ ಸಾಲದು. 2021ರ ಡಿಸೆಂಬರ್‌ನಲ್ಲಿ ಅದೇ ಲೆಕ್ಕಪತ್ರ ಕಚೇರಿ ಕೊಟ್ಟ ವರದಿಯ ಪ್ರಕಾರ, ಕಲ್ಲಿದ್ದಲಿನ ಕಾರ್ಬನ್ ಹಿಡಿಯುವ ಎಂಟು ಯೋಜನೆಗಳಿಗೆ ಸುಮಾರು 68.4 ಕೋಟಿ ಡಾಲರ್ ಹೋಯಿತು, ಓಡಿದ್ದು ಒಂದೇ ಸ್ಥಾವರ. ಅದೂ ಗ್ಯಾಸಿಫಿಕೇಶನ್ ಅಲ್ಲ, ಟೆಕ್ಸಸ್‌ನ ಪೆಟ್ರಾ ನೋವಾ.

ಇದೆಲ್ಲ ಎಂಜಿನಿಯರ್‌ಗಳ ತಪ್ಪೆಂದರೆ ಅನ್ಯಾಯ. 2008ರಲ್ಲಿ ನೈಸರ್ಗಿಕ ಅನಿಲದ ಸರಾಸರಿ ಬೆಲೆ ಹೆನ್ರಿ ಹಬ್‌ನಲ್ಲಿ (ಅಮೆರಿಕದ ಅನಿಲ ಬೆಲೆಗೆ ಆಧಾರವಾದ ಕೇಂದ್ರ) ಪ್ರತಿ ಹತ್ತು ಲಕ್ಷ ಬಿಟಿಯುಗೆ (ಶಾಖದ ಅಳತೆ) ಒಂಬತ್ತು ಡಾಲರ್ ಹತ್ತಿರವಿತ್ತು. 2012ರಲ್ಲಿ ಮೂರಕ್ಕಿಂತ ಕೆಳಗಿಳಿಯಿತು. ಕಲ್ಲಿದ್ದಲಿನಿಂದ ಮಾಡಿದ ಅನಿಲ ಎಷ್ಟು ಸುಧಾರಿಸಿದರೂ, ನೆಲದಿಂದ ಬರುವ ಅನಿಲ ಅಷ್ಟು ಅಗ್ಗವಾದಾಗ ವಿದ್ಯುತ್ತಿಗೆ ಲೆಕ್ಕ ಕೂಡುವುದಿಲ್ಲ. ಪೋಕ್ ಕೂಡ ಕೊನೆಗೆ ನೈಸರ್ಗಿಕ ಅನಿಲಕ್ಕೆ ವಾಲಿತು. ಅನುದಾನ ಕೊಡುವವರು ವಿದ್ಯುತ್ತಿಗಷ್ಟೇ ಅಂಟಿಕೊಳ್ಳದೆ ರಾಸಾಯನಿಕಗಳ ಕಡೆ ಬೇಗ ತಿರುಗಿದ್ದರೆ ಚೆನ್ನಾಗಿತ್ತು. ನಾರ್ತ್ ಡಕೋಟಾದ ಗ್ರೇಟ್ ಪ್ಲೇನ್ಸ್ ಸ್ಥಾವರ ಇದಕ್ಕೆ ಸಾಕ್ಷಿ. 1984ರಲ್ಲಿ ಜರ್ಮನಿಯ ಲರ್ಗಿ ವಿನ್ಯಾಸದ 14 ಗ್ಯಾಸಿಫೈಯರ್‌ಗಳೊಂದಿಗೆ ಶುರುವಾಗಿ, ಮರುವರ್ಷವೇ ಮಾಲೀಕರು ಸರ್ಕಾರಿ ಖಾತರಿಯ ಸಾಲ ಕಟ್ಟಲಾರದೆ ಕೈಚೆಲ್ಲಿದರು. 1988ರಲ್ಲಿ ಬೇಸಿನ್ ಎಲೆಕ್ಟ್ರಿಕ್ ಅದನ್ನು 8.5 ಕೋಟಿ ಡಾಲರ್‌ಗೆ ಮತ್ತು ಲಾಭದ ಪಾಲಿನ ಕರಾರಿಗೆ ಕೊಂಡಿತು. ಅನಿಲವೊಂದನ್ನೇ ನಂಬದೆ ಅಮೋನಿಯಾ, ಫೀನಾಲ್, ಯೂರಿಯಾ ಮಾರಿತು. 2000ದಿಂದ ಕಾರ್ಬನ್ ಡೈಆಕ್ಸೈಡನ್ನು 205 ಮೈಲಿ ಪೈಪಿನಲ್ಲಿ ಕೆನಡಾದ ವೇಬರ್ನ್ ತೈಲ ಬಾವಿಗಳಿಗೆ ಕಳಿಸಿತು.

ಈಗ ಅರ್ಜಿದಾರರ ದೃಷ್ಟಿಯಿಂದ. ಸಂಶೋಧನೆಯಾದರೆ ಖರ್ಚಿನ ಕನಿಷ್ಠ 20 ಶೇಕಡ, ಪ್ರದರ್ಶನ ಸ್ಥಾವರವಾದರೆ 50 ಶೇಕಡ ನಿಮ್ಮದಿರಬೇಕು. ಇದು 2005ರ ಇಂಧನ ನೀತಿ ಕಾಯ್ದೆಯ ನಿಯಮ. ಬೇರೆ ಒಕ್ಕೂಟ ಇಲಾಖೆಯಿಂದ ಬಂದ ಹಣವನ್ನು ನಿಮ್ಮ ಪಾಲೆಂದು ತೋರಿಸುವಂತಿಲ್ಲ. ಹಳೆಯ ಉಪಕರಣವನ್ನು ಪಾಲಾಗಿ ಕೊಡುವುದಾದರೆ ಕೊಂಡ ಬೆಲೆ ಹಾಕಬೇಡಿ, ಈಗಿನ ಬೆಲೆಯನ್ನೇ ಹಾಕಿ. ಅರ್ಜಿ ಮಂಜೂರಾದರೂ ಮಾತುಕತೆಯಲ್ಲಿ ತಿಂಗಳುಗಟ್ಟಲೆ ಎಳೆಯುವುದು ಇಂಥ ಲೆಕ್ಕಗಳೇ. ಸರ್ಕಾರದ ಗುತ್ತಿಗೆದಾರರ ನೋಂದಣಿಯನ್ನು ವಾರಗಳ ಮುಂಚೆಯೇ ಮುಗಿಸಿಡಿ, ಕೊನೆಯ ದಿನಕ್ಕೆ ಬಿಟ್ಟುಕೊಂಡರೆ ಒಳ್ಳೆಯ ಪ್ರಸ್ತಾವವೂ ಬಾಗಿಲಲ್ಲೇ ನಿಲ್ಲುತ್ತದೆ. ಹಣ ಸಾಮಾನ್ಯವಾಗಿ ಖರ್ಚು ಮಾಡಿದ ಮೇಲೆ ಬರುತ್ತದೆ, ಹಾಗಾಗಿ ಚಿಕ್ಕ ಕಂಪನಿ ಕೆಲವು ತಿಂಗಳ ಸಂಬಳ, ಸಾಮಗ್ರಿಯ ದುಡ್ಡನ್ನು ಕೈಯಲ್ಲಿಟ್ಟುಕೊಂಡೇ ಇಳಿಯಬೇಕು.

ತಾಂತ್ರಿಕ ಭಾಗದಲ್ಲಿ ಎನ್‌ಇಟಿಎಲ್ ಕೇಳುವ ದಾಖಲೆಗಳು ಚೆನ್ನಾಗಿವೆ, ಇದಕ್ಕೆ ಪೂರ್ತಿ ಅಂಕ. ತಂತ್ರಜ್ಞಾನ ಈಗ ಯಾವ ಹಂತದಲ್ಲಿದೆ, ಈ ಹಣದಿಂದ ಯಾವ ಹಂತಕ್ಕೆ ಹೋಗುತ್ತದೆ ಎಂಬ ಯೋಜನೆ ಬೇಕು. ಖರ್ಚಿನ ವಿಶ್ಲೇಷಣೆಯನ್ನು ಅವರದೇ ಮಾನದಂಡ ಸ್ಥಾವರಕ್ಕೆ ಹೋಲಿಸಿ ಮಾಡಬೇಕು, ಕಲ್ಲಿದ್ದಲಿನ ಬೆಲೆ, ಬಡ್ಡಿ, ಓಡುವ ಗಂಟೆಗಳಿಗೆ ಅವರೇ ಕೊಟ್ಟ ಸಂಖ್ಯೆ ಬಳಸಬೇಕು. ಇದರಿಂದ ಎಲ್ಲರ ಅಂಕಿಯೂ ಒಂದೇ ತಕ್ಕಡಿಗೆ ಬರುತ್ತದೆ. ಅರ್ಜಿ ಬಿದ್ದುಹೋಗಲು ಸಾಮಾನ್ಯ ಕಾರಣ ಬಾಟಲಿಯಲ್ಲಿ ಮಿಶ್ರಣ ಮಾಡಿದ ಕೃತಕ ಸಿನ್‌ಗ್ಯಾಸ್‌ನ ಫಲಿತಾಂಶವನ್ನೇ ಮುಂದಿಡುವುದು. ಅದರಲ್ಲಿ ಕ್ಲೋರೈಡ್ ಇರುವುದಿಲ್ಲ, ಆರ್ಸೆನಿಕ್ ಇರುವುದಿಲ್ಲ, ಟಾರು ಇರುವುದಿಲ್ಲ, ಧೂಳಂತೂ ಇಲ್ಲವೇ ಇಲ್ಲ. ವಾಬಾಶ್‌ನ ಕ್ಯಾಟಲಿಸ್ಟ್ ಸತ್ತದ್ದು ಅಂಥ ವಸ್ತುಗಳಿಂದಲೇ. ಪೈಲಟ್ ಇರುವವರೊಂದಿಗೆ ಒಪ್ಪಂದ ಮಾಡಿಕೊಂಡು, ನಿಜವಾದ ಅನಿಲದಲ್ಲಿ ಕೆಲವು ನೂರು ಗಂಟೆಗಳ ಪರೀಕ್ಷೆಯನ್ನು ಬಜೆಟ್‌ನಲ್ಲೇ ಸೇರಿಸಿ.

ಹಣ ಒಟ್ಟಿಗೆ ಬಿಡುಗಡೆಯಾಗದು. ಹಂತಹಂತವಾಗಿ, ಪ್ರತಿ ಹಂತದ ಕೊನೆಗೆ ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂಬ ತೀರ್ಮಾನದೊಂದಿಗೆ ಬರುತ್ತದೆ. ಆ ಹಂತದ ಗುರಿಯನ್ನು ಅಳೆಯುವಂತೆ ಬರೆಯಿರಿ: "ಕಣದ ಸವೆತ ಗಂಟೆಗೆ ಇಷ್ಟಕ್ಕಿಂತ ಕಡಿಮೆ" ಎನ್ನಿ, "ಉತ್ತಮ ಬಾಳಿಕೆ" ಎನ್ನಬೇಡಿ. ಚಿಕ್ಕ ಅನುದಾನಗಳಲ್ಲಿ ಈ ತಡೆಗೇಟು ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡ ಸ್ಥಾವರಗಳಲ್ಲಿ ಇದೇ ಗೇಟು ಸಡಿಲವಾದದ್ದು ಈ ಕಾರ್ಯಕ್ರಮದ ದೊಡ್ಡ ದೋಷ. ನೂರಾರು ಕೋಟಿ ಡಾಲರ್ ಕಾಂಕ್ರೀಟಿಗೆ ಹೋದ ಮೇಲೆ ನಿಲ್ಲಿಸಿ ಎನ್ನುವ ಧೈರ್ಯ ಯಾವ ಅಧಿಕಾರಿಗೂ ಬರುವುದಿಲ್ಲ.

ಹಕ್ಕುಗಳ ವಿಷಯ ಉದಾರವಾಗಿದೆ. ಚಿಕ್ಕ ಕಂಪನಿ, ವಿಶ್ವವಿದ್ಯಾಲಯಗಳಿಗೆ ತಮ್ಮ ಆವಿಷ್ಕಾರದ ಹಕ್ಕು ತಮ್ಮಲ್ಲೇ ಉಳಿಯುತ್ತದೆ, ದೊಡ್ಡ ಕಂಪನಿಗಳು ಅದಕ್ಕೆ ವಿನಾಯಿತಿ ಕೇಳಬೇಕು. ದತ್ತಾಂಶವನ್ನು ಐದು ವರ್ಷದವರೆಗೆ ಗೋಪ್ಯವಾಗಿಡಲು ಕೆಲವು ಒಪ್ಪಂದಗಳಲ್ಲಿ ಅವಕಾಶವಿದೆ. 1979ರಿಂದ ನಡೆದ ವಿಶ್ವವಿದ್ಯಾಲಯ ಕಲ್ಲಿದ್ದಲು ಸಂಶೋಧನಾ ಅನುದಾನದಲ್ಲಿ ವಿದ್ಯಾರ್ಥಿಗಳು ಕೆಲಸ ಮಾಡಲೇಬೇಕೆಂಬ ಷರತ್ತಿತ್ತು. ಇಂದು ಈ ಕ್ಷೇತ್ರದಲ್ಲಿ ಇಟ್ಟಿಗೆ, ಸೆನ್ಸರ್, ಸೋರ್ಬೆಂಟ್ (ಗಂಧಕ ಹಿಡಿಯುವ ಕಣದಂಥ ವಸ್ತು) ಬಲ್ಲವರು ಉಳಿದಿದ್ದರೆ ಅದರಲ್ಲಿ ಆ ಷರತ್ತಿನ ಪಾಲು ಸಣ್ಣದಲ್ಲ.

ಅರ್ಜಿ ಹಾಕದವರಿಗೂ ಈ ಕಾರ್ಯಕ್ರಮದಿಂದ ಸಿಗುವುದು ಅಂತಿಮ ತಾಂತ್ರಿಕ ವರದಿಗಳು. ಇಲಾಖೆಯ ವೈಜ್ಞಾನಿಕ ಮಾಹಿತಿ ಕಚೇರಿಯಲ್ಲಿ ಇವು ಉಚಿತ. ಮೊದಲು ವಾಬಾಶ್, ಪೋಕ್ ವರದಿ ಓದಿ, ಆಮೇಲೆ ಪಿನ್ಯೋನ್ ಪೈನ್‌ನದು. ಪೀಠಿಕೆ, ಪ್ರಕ್ರಿಯೆಯ ನಕ್ಷೆ ಬಿಟ್ಟು ನೇರವಾಗಿ ಸ್ಥಾವರ ನಿಂತ ದಿನಗಳ ವಿವರಕ್ಕೆ ಹೋಗಿ: ಯಾವ ಭಾಗದಿಂದ ನಿಂತಿತು, ಎಷ್ಟು ಗಂಟೆ, ಏನು ಬದಲಿಸಿದರು. ನಿಮ್ಮ ವಿನ್ಯಾಸದ ಉಪಕರಣಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ತಾಳೆ ನೋಡಿ. ಅಲ್ಲಿ ನಿಂತ ಭಾಗ ನಿಮ್ಮಲ್ಲೂ ಇದ್ದರೆ, ಅದಕ್ಕೆ ಬದಲಿ ಭಾಗ, ಬೈಪಾಸ್ ದಾರಿ ಮತ್ತು ತೊಳೆಯುವ ವ್ಯವಸ್ಥೆಯ ಖರ್ಚನ್ನು ಟೆಂಡರ್ ಕರೆಯುವ ಮುಂಚೆಯೇ ಹಾಕಿಕೊಳ್ಳಿ.